ವರ್ಕ್‌ಶಾಪ್ ಅಂಕ ರೆಕಾರ್ಡ್‌ಗಲ್ಲ, ಕೈಯಾರೆ ಮಾಡಿದ ಜಾಬ್‌ಗೆ ಸಿಗಲಿ

ಮಾನ್ಯ ಸಂಪಾದಕರೇ,

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದರಲ್ಲಿ ಗುಣಮಟ್ಟ ತಪಾಸಣೆಯ ಹೊಣೆ ಹೊತ್ತಿರುವ ನಾನು, ಹೊಸದಾಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ ಬರುವವರನ್ನು ಸಂದರ್ಶಿಸುತ್ತಿರುತ್ತೇನೆ. ಲೆಕ್ಕದಲ್ಲಾಗಲಿ, ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವುದರಲ್ಲಾಗಲಿ ಅವರು ಹಿಂದುಳಿದವರಲ್ಲ. ಆದರೆ ಸೂಕ್ಷ್ಮ ಅಳತೆಯ ಉಪಕರಣವಾದ ಮೈಕ್ರೋಮೀಟರ್ ಕೊಟ್ಟು ಶಾಫ್ಟ್ (ದುಂಡನೆಯ ದಂಡ) ಅಳೆಯಲು ಹೇಳಿದರೆ, ಒತ್ತಡ ಮಿತಿಮೀರದಂತೆ ತಡೆಯುವ ರ್‍ಯಾಚೆಟ್ ಬಿಟ್ಟು ತಿರುಗುವ ಕೊಳವೆಯಾದ ಥಿಂಬಲ್ ಅನ್ನೇ ಬಿಗಿಯಾಗಿ ತಿರುಗಿಸುವವರೇ ಹೆಚ್ಚು. ವಿಚಾರಿಸಿದಾಗ ಬಹುತೇಕರು ಹೇಳುವುದು ಒಂದೇ: ಇಡೀ ಬ್ಯಾಚ್ ಒಂದೇ ಲೇತ್‌ನ ಸುತ್ತ ನಿಂತಿತ್ತು, ಬೋಧಕರು ಮಾಡಿ ತೋರಿಸಿದರು, ಅಂಕ ಬಂದದ್ದು ರೆಕಾರ್ಡ್ ಪುಸ್ತಕ ಮತ್ತು ವೈವಾದಿಂದ (ಮೌಖಿಕ ಪರೀಕ್ಷೆಯಿಂದ).

ಕೈಯಾರೆ ಮಾಡದೆ ತಿಳಿಯದ ಸಂಗತಿಗಳು ನಮ್ಮ ಕೆಲಸದಲ್ಲಿ ಎಷ್ಟೋ ಇವೆ. ಒಂದನ್ನು ಮಾತ್ರ ವಿವರಿಸುತ್ತೇನೆ. 25 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್ ಅನ್ನು ಜಿ6 ಎಂಬ ಅಳತೆಯ ಮಿತಿಗೆ ತರಬೇಕೆಂದರೆ ಅದರ ಅಳತೆ 24.980 ಮತ್ತು 24.993 ಮಿ.ಮೀ. ನಡುವೆ ಇರಬೇಕು, ಅಂದರೆ ಕೆಲಸಗಾರನಿಗಿರುವ ಅವಕಾಶ 13 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಮಾತ್ರ. ಯಂತ್ರದಿಂದ ಆಗಷ್ಟೇ ಇಳಿಸಿದ ಶಾಫ್ಟ್ ತಪಾಸಣಾ ಕೋಣೆಯ ಉಷ್ಣಾಂಶಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಅದು ಸುಮಾರು 12 ಮೈಕ್ರಾನ್ ಹಿಗ್ಗಿರುತ್ತದೆ. ಬಿಸಿಯಲ್ಲೇ ಅಳೆದು 24.985 ಬಂತೆಂದು ಸಮಾಧಾನಪಟ್ಟುಕೊಂಡರೆ, ತಣಿದ ಮೇಲೆ ಅದೇ ಶಾಫ್ಟ್ 24.973ಕ್ಕೆ ಇಳಿದು ರಿಜೆಕ್ಟ್ ಆಗುತ್ತದೆ. ಉಕ್ಕು ಹಿಗ್ಗುವ ಸೂತ್ರ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠವಿದೆ. ತಾನೇ ಮಾಡಿದ ಜಾಬ್, ಅಂದರೆ ಯಂತ್ರದಲ್ಲಿ ತಯಾರಿಸಿದ ಬಿಡಿಭಾಗ, ಒಂದು ಗಂಟೆಯಲ್ಲಿ ಕೈಕೊಟ್ಟಾಗ ಮಾತ್ರ ಆ ಸೂತ್ರ ಅವನದಾಗುತ್ತದೆ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕೆಲಸವನ್ನು ಪರದೆಯ ಮೇಲೆ ತೋರಿಸುವ ಸಿಮ್ಯುಲೇಷನ್ ಕಲಿಕೆಗೆ ಸಹಾಯಕವೆಂಬುದನ್ನು ಒಪ್ಪುತ್ತೇನೆ, ಆದರೆ ಪರದೆಯ ಮೇಲಿನ ಶಾಫ್ಟ್ ಬಿಸಿಯಾಗುವುದಿಲ್ಲ, ಟೂಲ್‌ನ ತುದಿ ಮೊಂಡಾದಾಗ ಬದಲಾಗುವ ಸದ್ದೂ ಅಲ್ಲಿ ಕೇಳಿಸುವುದಿಲ್ಲ.

ಇದಕ್ಕೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಡೆನ್ಮಾರ್ಕ್‌ನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಟೂಲ್ ಅಂಡ್ ಡೈ (ಉಪಕರಣ ಮತ್ತು ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಬಳಿಕ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ ಕೊಡಿಸುತ್ತದೆ. ಅಲ್ಲಿಂದ ಬರುವ ಹುಡುಗ ಹುಡುಗಿಯರಿಗೆ ನಕ್ಷೆ ಓದಿದೊಡನೆ ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದು ಹೊಳೆಯುತ್ತದೆ. ಪದವಿ ವಿದ್ಯಾರ್ಥಿಗಳನ್ನು ಈ ಅವಕಾಶದಿಂದ ದೂರವಿಡುವುದು ಸರಿಯಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ಸ್ವಾಯತ್ತ ಕಾಲೇಜುಗಳಲ್ಲಿ ನನ್ನ ವಿನಂತಿ ಇಷ್ಟು: ಉತ್ಪಾದನಾ ಪ್ರಯೋಗಾಲಯದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ವಿದ್ಯಾರ್ಥಿ ಸ್ವತಃ ಮಾಡಿದ ಜಾಬ್‌ನ ಅಳತೆಗೆ ಮೀಸಲಾಗಲಿ. ಜಾಬ್ ರಿಜೆಕ್ಟ್ ಆಯಿತೆಂದು ಸೊನ್ನೆ ಕೊಡದೆ, ತಪ್ಪು ಎಲ್ಲಾಯಿತೆಂದು ಪತ್ತೆಹಚ್ಚಿದವರಿಗೂ ಅಂಕ ದೊರೆಯಲಿ. ಎಚ್‌ಎಂಟಿಯಂತಹ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನುರಿತ ಟರ್ನರ್‌, ಫಿಟ್ಟರ್‌ಗಳನ್ನು, ಪದವಿ ಇಲ್ಲವೆಂಬ ಕಾರಣಕ್ಕೆ ಹೊರಗಿಡದೆ, ಗೌರವಧನ ಕೊಟ್ಟು ಬೋಧನೆಗೆ ಕರೆಸಿಕೊಳ್ಳಲಿ. ಕಚ್ಚಾವಸ್ತುವಿನ ಖರ್ಚು ಹೆಚ್ಚೆಂಬ ಕಾಲೇಜುಗಳ ಅಳಲಿಗೂ ದಾರಿಯಿದೆ: ಪೀಣ್ಯದ ಘಟಕಗಳಲ್ಲಿ ದಿನವೂ ಉಳಿಯುವ ಉಕ್ಕಿನ ತುಂಡುಗಳು ಗುಜರಿಗೆ ಹೋಗುತ್ತಿವೆ, ಕಾಲೇಜುಗಳು ಕೇಳಿದರೆ ಅವನ್ನು ಕೊಡಲು ನಮ್ಮಂಥವರು ಸಿದ್ಧರಿದ್ದೇವೆ.

ಇಂತಿ,
ಗುಣಮಟ್ಟ ತಪಾಸಕ, ಪೀಣ್ಯ, ಬೆಂಗಳೂರು