ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ ಬಂದವರ ನೋಟ್ಸ್

ಮಾನ್ಯ ಸಂಪಾದಕರೇ,

ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ವಿಜ್ಞಾನ ವಿಭಾಗಕ್ಕೆ ಸೇರಿದ ಮಕ್ಕಳಲ್ಲಿ ಹಲವರು ಮೊದಲ ಕಿರುಪರೀಕ್ಷೆ ಮುಗಿಯುವ ಹೊತ್ತಿಗೆ ‘ಸೈನ್ಸ್ ನನ್ನ ಕೈಲಿ ಆಗಲ್ಲ’ ಎನ್ನತೊಡಗುತ್ತಾರೆ. ಕೆಲವರು ವಿಭಾಗವನ್ನೇ ಬದಲಿಸಿಕೊಳ್ಳುತ್ತಾರೆ. ಮನೆಯವರು ಇಂಗ್ಲಿಷನ್ನು ದೂರುತ್ತಾರೆ. ಇಂಗ್ಲಿಷ್ ಅಡ್ಡಿಯಾಗುವುದು ನಿಜವೇ. ಆದರೆ ಮಕ್ಕಳ ಧೈರ್ಯವನ್ನು ಹೆಚ್ಚು ಕುಗ್ಗಿಸುತ್ತಿರುವುದು ಅವರು ನೋಟ್ಸ್ ಬರೆಯುವ ಮತ್ತು ಆ ನೋಟ್ಸನ್ನು ಓದುವ ರೀತಿ. ಅದನ್ನು ಸರಿಪಡಿಸಲು ಟ್ಯೂಷನ್ ಬೇಕಿಲ್ಲ. ಒಂದು ಲಾಂಗ್ ಬುಕ್, ಒಂದು ಸ್ಕೇಲು, ದಿನಕ್ಕೆ ಮುಕ್ಕಾಲು ಗಂಟೆ ಸಾಕು.

ಹೈಸ್ಕೂಲಿನಲ್ಲಿ ನೋಟ್ಸ್ ಎಂದರೆ ಬೋರ್ಡಿನ ಮೇಲಿದ್ದ ಪ್ರಶ್ನೋತ್ತರವನ್ನು ಹಾಗೆಯೇ ಇಳಿಸಿಕೊಳ್ಳುವುದು. ಅದೇ ಅಭ್ಯಾಸದಲ್ಲಿ ಮಗು ಪಿಯು ತರಗತಿಯಲ್ಲೂ ಉಪನ್ಯಾಸಕರ ಪ್ರತಿ ಮಾತನ್ನೂ ಬರೆಯಲು ಹೊರಡುತ್ತದೆ. ವೇಗವಾಗಿ ಬರೆಯುವ ಕೈಗೂ ನಿಮಿಷಕ್ಕೆ 40 ಪದ ದಾಟುವುದು ಕಷ್ಟ. ಪಾಠದ ಮಾತು ನಿಮಿಷಕ್ಕೆ 100 ಪದ ದಾಟುತ್ತದೆ. ಹೀಗಾಗಿ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ವಾಕ್ಯದ ಮೊದಲರ್ಧವೂ ತಪ್ಪಿಹೋಗುತ್ತದೆ. ಸಂಜೆ ನೋಡಿದರೆ ತಲೆಬುಡವಿಲ್ಲದ ಮೂರು ಪುಟ. ಸರಿ ಎಂದು ಗೆಳೆಯರ ನೋಟ್ಸನ್ನು ಜೆರಾಕ್ಸ್ ಮಾಡಿಸುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ಇಟ್ಟುಕೊಳ್ಳುತ್ತಾರೆ. ಅಲ್ಲಿಂದ ಕಂಠಪಾಠ ಶುರು.

ತರಗತಿಯಲ್ಲಿ ಬರೆಯಬೇಕಾದದ್ದು ಇಷ್ಟೇ: ಶೀರ್ಷಿಕೆ, ವ್ಯಾಖ್ಯೆ, ಸೂತ್ರ ಮತ್ತು ಅದರ ಮೂಲಮಾನ, ಭಾಗಗಳನ್ನು ಹೆಸರಿಸಿದ ಚಿತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಸೂತ್ರ ಬಿಡಿಸುವಾಗ ಒಂದು ಸಾಲಿನಿಂದ ಮುಂದಿನ ಸಾಲಿಗೆ ಏಕೆ ಹೋದೆವು ಎಂಬ ಕಾರಣ. ಬೋರ್ಡಿನ ಮೇಲೆ ಆ ಕಾರಣ ಇರುವುದಿಲ್ಲ. ಉಪನ್ಯಾಸಕರು ಅದನ್ನು ಬಾಯಲ್ಲಿ ಹೇಳಿ ಮುಂದೆ ಹೋಗುತ್ತಾರೆ, ಮಕ್ಕಳು ಆಗ ಹಿಂದಿನ ಸಾಲನ್ನು ಬರೆಯುತ್ತಿರುತ್ತಾರೆ. ಕಾರಣವನ್ನು ಪಕ್ಕದಲ್ಲಿ ಕನ್ನಡದಲ್ಲೇ ಮೂರು ಪದದಲ್ಲಿ ಗೀಚಿಕೊಂಡರೂ ಆದೀತು. ಏನಾದರೂ ತಪ್ಪಿಹೋದರೆ ಎರಡು ಸಾಲು ಖಾಲಿ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದುವರಿಯಬೇಕು. ಪಕ್ಕದವರ ಪುಸ್ತಕ ಇಣುಕುತ್ತ ಕುಳಿತರೆ ನಷ್ಟ ಎರಡರಷ್ಟಾಗುತ್ತದೆ.

ಪುಟ ಹೀಗಿರಲಿ. ಎಡ ಅಂಚಿನಿಂದ 5 ಸೆಂ.ಮೀ. ಬಿಟ್ಟು ಉದ್ದಕ್ಕೆ ಗೆರೆ ಎಳೆಯಿರಿ. ಕೆಳಗಡೆ ನಾಲ್ಕೈದು ಸಾಲು ಬಿಡಿ. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ವಿಧಾನ. ಅವರ ಅಳತೆ ದೊಡ್ಡ ಹಾಳೆಗೆ ಹೊಂದುವಂಥದು, ನಮ್ಮ ಲಾಂಗ್ ಬುಕ್ಕಿಗೆ 5 ಸೆಂ.ಮೀ. ಸರಿಹೋಗುತ್ತದೆ. ತರಗತಿಯಲ್ಲಿ ಬರೆಯುವುದೆಲ್ಲ ಬಲಭಾಗಕ್ಕೆ. ಎಡಭಾಗ ಸಂಜೆಯವರೆಗೂ ಖಾಲಿ ಇರಬೇಕು. ಅದೇ ದಿನ ಸಂಜೆ, ವಿಷಯಕ್ಕೆ ಹತ್ತು ನಿಮಿಷದಂತೆ ಕುಳಿತು ಬಿಟ್ಟ ಸಾಲುಗಳನ್ನು ಪಠ್ಯಪುಸ್ತಕ ನೋಡಿ ತುಂಬಿಸಿ, ಬಲಭಾಗದ ಪ್ರತಿ ತುಣುಕೂ ಉತ್ತರವಾಗುವಂಥ ಪ್ರಶ್ನೆಯನ್ನು ಎಡಭಾಗದಲ್ಲಿ ಬರೆಯಬೇಕು. ಕೆಳಗಿನ ಸಾಲುಗಳಲ್ಲಿ ಆ ಪುಟದ ತಿರುಳು.

ಮೊದಲ ಎರಡು ತಿಂಗಳು ಎಡಭಾಗದ ಪ್ರಶ್ನೆಗಳು ಕನ್ನಡದಲ್ಲೇ ಇರಲಿ. ಬಲಭಾಗ ಇಂಗ್ಲಿಷ್, ಎಡಭಾಗ ಕನ್ನಡ. ಅರ್ಥವಾಗದ ವಾಕ್ಯಕ್ಕೆ ಕನ್ನಡದಲ್ಲಿ ಪ್ರಶ್ನೆ ಹುಟ್ಟುವುದಿಲ್ಲ. ಆದ್ದರಿಂದ ಪ್ರಶ್ನೆ ಬರೆಯಲು ಹೋದಾಗಲೇ ತಿಳಿದಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಪುಸ್ತಕದ ಕೊನೆಯ ಹತ್ತು ಹಾಳೆಗಳಲ್ಲಿ ಪದಪಟ್ಟಿ ಬೇಕು: ಕನ್ನಡ ಪದ, ಇಂಗ್ಲಿಷ್ ಕಾಗುಣಿತ, ಉಚ್ಚಾರಣೆ. ಜವಕ್ಕೆ ಸ್ಪೀಡ್, ವೇಗಕ್ಕೆ ವೆಲಾಸಿಟಿ, ವೇಗೋತ್ಕರ್ಷಕ್ಕೆ ಆಕ್ಸಿಲರೇಷನ್, ಸ್ಥಾನಪಲ್ಲಟಕ್ಕೆ ಡಿಸ್‌ಪ್ಲೇಸ್‌ಮೆಂಟ್, ಸಂವೇಗಕ್ಕೆ ಮೊಮೆಂಟಮ್. ದಿನಕ್ಕೆ ಐದು ಪದ ಸಾಕು.

ಇಲ್ಲೊಂದು ವಿಷಯ ಮಕ್ಕಳಿಗೆ ಯಾರಾದರೂ ಹೇಳಲೇಬೇಕು. ಪ್ರಥಮ ಪಿಯು ಭೌತಶಾಸ್ತ್ರದ ಆರಂಭದ ಅಧ್ಯಾಯಗಳಲ್ಲಿ ಬಹುಪಾಲು ಅವರು ಒಂಬತ್ತನೇ ತರಗತಿಯಲ್ಲಿ ಓದಿದ್ದೇ. ‘ಚಲನೆ’ ಪಾಠದಲ್ಲಿ ‘ವಿ = ಯು + ಎಟಿ’ ಎಂದು ಕಲಿತದ್ದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕದಲ್ಲಿ ‘ವಿ = ವಿ ನಾಟ್ + ಎಟಿ’ ಆಗಿದೆ, ದೂರಕ್ಕೆ ‘ಎಸ್’ ಬದಲು ‘ಎಕ್ಸ್’ ಬಂದಿದೆ. ಗುರುತು ಬದಲಾಗಿದೆಯೇ ಹೊರತು ಸಮೀಕರಣ ಅದೇ. ಮಗುವಿಗೆ ಇದು ಹೊಳೆಯದಿದ್ದರೆ ಎಲ್ಲವೂ ಹೊಸದಾಗಿ ಕಂಡು ಕೈಕಾಲು ಬಿಡುತ್ತದೆ. ನಿಜಕ್ಕೂ ಹೊಸದಾದದ್ದು ಅದೇ ಅಧ್ಯಾಯದಲ್ಲಿ ಬರುವ ಅವಕಲನ (ಡಿಫರೆನ್ಸಿಯೇಷನ್), ಅಂದರೆ ಬದಲಾವಣೆಯ ದರವನ್ನು ಕಂಡುಹಿಡಿಯುವ ಗಣಿತ. ಗಣಿತದ ಪುಸ್ತಕದಲ್ಲಿ ಮಿತಿ ಮತ್ತು ಅವಕಲನದ ಪಾಠ ಕೊನೆಯ ಅಧ್ಯಾಯಗಳ ಬಳಿ ಇದೆ. ಭೌತಶಾಸ್ತ್ರಕ್ಕೆ ಅದು ಜೂನ್‌ನಲ್ಲೇ ಬೇಕಾಗುತ್ತದೆ. ಇದರಲ್ಲಿ ಇಂಗ್ಲಿಷ್ ಮಾಧ್ಯಮದವರೂ ಅಷ್ಟೇ ತಡವರಿಸುತ್ತಾರೆ. ಪಕ್ಕದ ಬೆಂಚಿನವನು ತಲೆಯಾಡಿಸಿದ ಮಾತ್ರಕ್ಕೆ ಅವನಿಗೆ ತಿಳಿಯಿತು, ನನಗೊಬ್ಬನಿಗೇ ತಿಳಿಯಲಿಲ್ಲ ಎಂದುಕೊಳ್ಳಬೇಕಾಗಿಲ್ಲ.

ಇನ್ನು ಓದುವ ಬಗೆ. ‘ಹತ್ತು ಸಲ ಓದಿದೆ, ಆದರೂ ಪೇಪರ್ ಕೊಟ್ಟ ತಕ್ಷಣ ಎಲ್ಲ ಮರೆತುಹೋಯಿತು’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಒಂದು ಗುಂಪು ಗದ್ಯಭಾಗವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಲ್ಲಿ ಉಳಿದದ್ದು ಸುಮಾರು ಶೇ 40, ನೆನಪಿಸಿಕೊಂಡು ಬರೆದವರಲ್ಲಿ ಶೇ 61. ಇನ್ನೂ ಗಮನಿಸಬೇಕಾದದ್ದೆಂದರೆ, ಓದು ಮುಗಿದಾಗ ‘ನನಗೆ ಚೆನ್ನಾಗಿ ನೆನಪಿರುತ್ತದೆ’ ಎಂದು ಹೆಚ್ಚು ಭರವಸೆಯಿಂದ ಹೇಳಿದವರು ನಾಲ್ಕು ಸಲ ಓದಿದವರೇ. ಮತ್ತೆ ಮತ್ತೆ ಓದಿದಾಗ ಅಕ್ಷರಗಳು ಪರಿಚಿತವಾಗುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದು ನಂಬುತ್ತೇವೆ. ಪರೀಕ್ಷೆಯ ಕೊಠಡಿಯಲ್ಲಿ ಆ ನಂಬಿಕೆ ಮುರಿದಾಗ ಮಗು ತನ್ನ ಮೇಲೇ ಭರವಸೆ ಕಳೆದುಕೊಳ್ಳುತ್ತದೆ.

ಆದ್ದರಿಂದ ಬಲಭಾಗವನ್ನು ರಟ್ಟಿನಿಂದ ಮುಚ್ಚಿ, ಎಡಭಾಗದ ಪ್ರಶ್ನೆಗೆ ರಫ್ ಹಾಳೆಯಲ್ಲಿ ಉತ್ತರ ಬರೆದು, ನಂತರ ತೆರೆದು ತಾಳೆ ನೋಡಬೇಕು. ಮನಸ್ಸಿನಲ್ಲೇ ‘ಗೊತ್ತು’ ಎಂದುಕೊಂಡು ಮುಂದೆ ಹೋದರೆ ಮುಚ್ಚಿಯೂ ಪ್ರಯೋಜನವಿಲ್ಲ. ತಪ್ಪಿದ ಪ್ರಶ್ನೆಯ ಪಕ್ಕ ಕೆಂಪು ಚುಕ್ಕೆ ಇಡಿ. ಬರೆದ ದಿನ ರಾತ್ರಿ ಒಮ್ಮೆ, ಮೂರನೇ ದಿನ ಒಮ್ಮೆ, ಭಾನುವಾರ ಒಮ್ಮೆ, ತಿಂಗಳ ಕೊನೆಗೆ ಒಮ್ಮೆ. ಭಾನುವಾರ ಚುಕ್ಕೆ ಇರುವವನ್ನು ಮಾತ್ರ ನೋಡಿದರೂ ಸಾಕು.

ಸೂತ್ರ ಸಾಧಿಸುವ ಪ್ರಶ್ನೆಗಳಿಗೆ ಬೇರೆ ಉಪಾಯ ಬೇಕು. ಬೋರ್ಡಿನ ಮೇಲೆ ಪ್ರತಿ ಸಾಲೂ ಅರ್ಥವಾಗಿರುತ್ತದೆ, ಖಾಲಿ ಹಾಳೆ ಮುಂದಿಟ್ಟರೆ ಮೂರನೇ ಸಾಲಿಗೆ ಕೈ ನಿಲ್ಲುತ್ತದೆ. ನಿಂತಾಗ ಪೂರ್ತಿ ಉತ್ತರ ನೋಡಬೇಡಿ. ಸಿಕ್ಕಿಕೊಂಡ ಆ ಒಂದು ಸಾಲನ್ನಷ್ಟೇ ನೋಡಿ, ಪುಸ್ತಕ ಮುಚ್ಚಿ, ಮತ್ತೆ ಮೊದಲ ಸಾಲಿನಿಂದ ಬರೆಯಿರಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿಯ ಕಾರಣವೇ ನಾಳೆ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ. ‘ಸರ್, ಅರ್ಥವಾಗಲಿಲ್ಲ’ ಎನ್ನಲು ಅಂಜುವ ಹುಡುಗಿ ‘ಸರ್, ಮೂರನೇ ಸಾಲಿನಲ್ಲಿ ಮೈನಸ್ ಹೇಗೆ ಬಂತು?’ ಎಂದು ಕೇಳಬಲ್ಲಳು. ಉಪನ್ಯಾಸಕರಿಗೂ ಅದಕ್ಕೆ ಉತ್ತರಿಸುವುದು ಸುಲಭ.

ಆತ್ಮವಿಶ್ವಾಸದ ಬಗ್ಗೆ ಕಾಲೇಜುಗಳಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ‘ನಿನ್ನಿಂದ ಸಾಧ್ಯ’ ಎಂಬ ಮಾತು ಒಂದು ದಿನ ಇರುತ್ತದೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದಂತೆ, ‘ನಾನು ಇದನ್ನು ಮಾಡಬಲ್ಲೆ’ ಎಂಬ ನಂಬಿಕೆಗೆ ಅತಿ ಗಟ್ಟಿಯಾದ ಆಧಾರ ತಾನೇ ಮಾಡಿ ಗೆದ್ದ ಅನುಭವ. ಕೆಂಪು ಚುಕ್ಕೆ ಬಿದ್ದಿದ್ದ ಪ್ರಶ್ನೆಗೆ ಮುಂದಿನ ಭಾನುವಾರ ಸರಿಯಾಗಿ ಉತ್ತರಿಸಿ ಆ ಚುಕ್ಕೆಯನ್ನು ಹೊಡೆದುಹಾಕುವುದು ಅಂಥ ಅನುಭವ, ಅದೂ ಕಣ್ಣಿಗೆ ಕಾಣುವಂಥದ್ದು.

ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿದರೆ ಪಾಲಕರು ದಯವಿಟ್ಟು ಒಟ್ಟು ಅಂಕ ನೋಡಿ ಬೈಯಬೇಡಿ. ಉತ್ತರಪತ್ರಿಕೆ ತರಿಸಿಕೊಂಡು, ಕಳೆದುಹೋದ ಪ್ರತಿ ಅಂಕ ಯಾವ ಕಾರಣಕ್ಕೆ ಹೋಯಿತೆಂದು ಮಗುವಿನಿಂದಲೇ ಪಕ್ಕದಲ್ಲಿ ಬರೆಸಿ. ಪಾಠವೇ ತಿಳಿದಿರಲಿಲ್ಲವೇ? ತಿಳಿದಿತ್ತು, ಇಂಗ್ಲಿಷ್ ಪದ ಸಿಗಲಿಲ್ಲವೇ? ಲೆಕ್ಕದಲ್ಲಿ ತಪ್ಪಾಯಿತೇ, ಸಮಯ ಸಾಲಲಿಲ್ಲವೇ? ಮೊದಲನೆಯದಕ್ಕೆ ಒಂಬತ್ತು–ಹತ್ತನೇ ತರಗತಿಯ ಕನ್ನಡ ಪುಸ್ತಕ, ಎರಡನೆಯದಕ್ಕೆ ಪದಪಟ್ಟಿ, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ. ಎರಡನೇ ಕಾರಣಕ್ಕೆ ಹೋದ ಅಂಕವನ್ನು ಬುದ್ಧಿಯ ಲೆಕ್ಕಕ್ಕೆ ಬರೆಯುವುದು ಮಗುವಿಗೆ ಮಾಡುವ ಅನ್ಯಾಯ.

ಕೊನೆಯದಾಗಿ ಪ್ರಾಂಶುಪಾಲರಲ್ಲಿ ಎರಡು ವಿನಂತಿ. ಕನ್ನಡದಲ್ಲಿ ಪ್ರಶ್ನೆ ಕೇಳಬಹುದು ಎಂದು ಮೊದಲ ದಿನವೇ ಎಲ್ಲ ಉಪನ್ಯಾಸಕರೂ ತರಗತಿಯಲ್ಲಿ ಬಾಯಿಬಿಟ್ಟು ಹೇಳಲಿ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಕ್ಕಳು ಹಳೆಯ ಪುಸ್ತಕಗಳನ್ನು ಕಿರಿಯರಿಗೆ ಕೊಟ್ಟುಬಿಡುವುದರಿಂದ, ಒಂಬತ್ತು ಮತ್ತು ಹತ್ತನೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ, ಗಣಿತ ಪಠ್ಯಗಳ ಐದಾರು ಪ್ರತಿಗಳನ್ನು ಪಿಯು ಕಾಲೇಜಿನ ಗ್ರಂಥಾಲಯದಲ್ಲಿ ಇಡಿಸಲಿ. ಅಲ್ಲಿಯವರೆಗೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ ಎಂದು ಸೂಚನಾ ಫಲಕದಲ್ಲಿ ಒಂದು ಚೀಟಿ ಅಂಟಿಸಿದರೂ ಉಪಕಾರವಾದೀತು.

– ಭೌತಶಾಸ್ತ್ರ ಉಪನ್ಯಾಸಕರೊಬ್ಬರು, ತುಮಕೂರು