ಗೈಡ್ ಹಿಮದಡಿ ಹೂತರೆ ತೆಗೆಯುವವರು ಯಾರು?

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಕಿರ್ಗಿಸ್ತಾನ-ತಜಿಕಿಸ್ತಾನ ಗಡಿಯ ಲೆನಿನ್ ಶಿಖರದ ಸ್ಕೀ ಯಾತ್ರೆಯ ಬಗ್ಗೆ ನೀನು ಮಂಗಳೂರಿನಿಂದ ಕಳಿಸಿದ ಕಾಗದಗಳನ್ನೆಲ್ಲ ಓದಿದೆ, ಎರಡು ಸಲ ಓದಿದೆ. ನಿನ್ನ ಅಮ್ಮ ಫೋನ್ ಮಾಡಿ, "ಅಕ್ಕಾ, ನೀನಾದರೂ ಅವಳಿಗೆ ಬೇಡ ಅಂತ ಹೇಳು" ಅಂದಳು. ನಾನು ಬೇಡ ಅನ್ನುವುದಿಲ್ಲ. ಹೋಗು. ಆದರೆ ಬರುವ ಜುಲೈಯಲ್ಲಿ ಹೋಗಬೇಡ. ಯಾಕೆ ಅಂತ ಬಿಡಿಸಿ ಹೇಳಬೇಕು. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನೀನು ಒಂದು ಮಾತು ಹೇಳಿದಿ: "ಗೈಡ್ ಇರ್ತಾರಲ್ಲ ದೊಡ್ಡಮ್ಮ, ಅವರು ನೋಡಿಕೊಳ್ತಾರೆ." ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಳು ಸಾವಿರ ಮೀಟರಿನ ಬೆಟ್ಟಕ್ಕಿಂತ ನನಗೆ ಹೆದರಿಕೆ ಆದದ್ದು ಆ ಮಾತಿನದ್ದು.

ಹಿಮಕುಸಿತ ಆದಾಗ ಏನಾಗುತ್ತದೆ ಅಂತ ಸ್ವಲ್ಪ ಯೋಚಿಸು. ಇಳಿಜಾರಿನಲ್ಲಿ ಮೊದಲು ಇಳಿಯುವವನು ಗೈಡ್. ಹಿಮ ಗಟ್ಟಿ ಉಂಟಾ ಅಂತ ಮೊದಲು ಪರೀಕ್ಷೆ ಮಾಡುವವನೂ ಅವನೇ. ಹಾಗಾಗಿ ಹಿಮ ಒಡೆದು ಜಾರಿದರೆ ಮೊದಲು ಅದರಡಿ ಸಿಕ್ಕಿಬೀಳುವ ಸಾಧ್ಯತೆಯೂ ಅವನಿಗೇ ಹೆಚ್ಚು. ಆಗ ಮೇಲೆ ನಿಂತವರು ಯಾರು? ನೀನು, ನಿನ್ನ ಹಾಗೆ ಹಣ ಕೊಟ್ಟು ಬಂದ ಇನ್ನಿಬ್ಬರು ಮೂವರು. ಹೂತವರನ್ನು ಮೊದಲ 10 ನಿಮಿಷದೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಆಗುವಷ್ಟರಲ್ಲಿ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಅಲ್ಲಿಗೆ ಹೆಲಿಕಾಪ್ಟರ್ ಬರುವುದು, ಕೆಳಗಿನ ಶಿಬಿರದಿಂದ ಜನ ಹತ್ತಿ ಬರುವುದು, ಇವೆಲ್ಲ ಗಂಟೆಗಳ ಲೆಕ್ಕ. ಆ ಹತ್ತು ನಿಮಿಷ ಪೂರ್ತಿ ಪಕ್ಕದಲ್ಲಿ ಇದ್ದವರ ಕೈಯಲ್ಲಿ ಉಂಟು. ಗೈಡಿನ ಜೀವ ನಿನ್ನ ಕೈಯಲ್ಲಿ ಉಂಟು, ಮಗಳೇ. ಅವನ ಮನೆಯಲ್ಲೂ ಅವನಿಗಾಗಿ ಕಾಯುವವರು ಇದ್ದಾರೆ.

ನಿನ್ನ ಪಟ್ಟಿಯಲ್ಲಿ ಟ್ರಾನ್ಸೀವರ್ (ರೇಡಿಯೋ ಸಿಗ್ನಲ್ ಕಳಿಸಿ, ಹೂತವರ ಸಿಗ್ನಲ್ ಹುಡುಕುವ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಇವೆ, ನೋಡಿದೆ. ಬಾಡಿಗೆಗೆ ಅಲ್ಲಿಯೇ ಸಿಗುತ್ತದೆ ಅಂತಲೂ ಬರೆದಿದ್ದಾರೆ. ಬಾಡಿಗೆಗೆ ತೆಗೆದುಕೊಂಡದ್ದನ್ನು ಅಲ್ಲಿಯೇ ಮೊದಲ ಸಲ ಎದೆಗೆ ಕಟ್ಟಿಕೊಂಡರೆ ಏನು ಪ್ರಯೋಜನ? ಎಲ್ಲ ಟ್ರಾನ್ಸೀವರ್‌ಗಳೂ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ ಯಾವ ಕಂಪನಿಯದ್ದು ಯಾವುದನ್ನಾದರೂ ಹುಡುಕಬಹುದು. ಆದರೆ ಹುಡುಕುವವರಿಗೆ ಅಭ್ಯಾಸ ಬೇಕು. ಸಿಗ್ನಲ್ ಕಳಿಸುವುದನ್ನು ನಿಲ್ಲಿಸಿ ಹುಡುಕುವುದಕ್ಕೆ ತಿರುಗಿಸಬೇಕು, ದೂರ ತೋರಿಸುವ ಸಂಖ್ಯೆ ಇಳಿಯುತ್ತಾ ಬಂದ ಹಾಗೆ ವೇಗ ಕಡಿಮೆ ಮಾಡಬೇಕು, ಕೊನೆಗೆ ಹಿಮದ ಮೇಲೆ ಬಗ್ಗಿ ಅಡ್ಡ ಉದ್ದ ಹಿಡಿದು ಅತಿ ಕಡಿಮೆ ಸಂಖ್ಯೆ ತೋರಿಸುವ ಜಾಗ ಗುರುತಿಸಬೇಕು. ಜೇಬಿನ ಮೊಬೈಲ್ ಹತ್ತಿರ ಇದ್ದರೆ ಸಿಗ್ನಲ್ ಕೆಡುತ್ತದೆ. ಪ್ರೋಬ್ ಹಾಕಿದಾಗ ತಾಗಿದ್ದು ಮನುಷ್ಯನೋ ಗಟ್ಟಿ ಹಿಮವೋ ಅಂತ ಕೈಗೆ ಗೊತ್ತಾಗಬೇಕು. ಆಮೇಲೆ ಅಗೆಯುವುದು. ಜಾರಿ ಬಂದು ನಿಂತ ಹಿಮ ಕಾಂಕ್ರೀಟಿನಷ್ಟು ಗಟ್ಟಿಯಾಗಿ ಬಿಗಿದಿರುತ್ತದೆ. ಪ್ರೋಬ್‌ನ ಮೇಲೆಯೇ ನೇರ ಗುಂಡಿ ತೋಡಿದರೆ ಸಮಯ ಹೋಗುತ್ತದೆ, ಇಳಿಜಾರಿನ ಕೆಳಬದಿಯಿಂದ ಅಗೆದು ಒಳಗೆ ಹೋಗಬೇಕು. ಮುಖ ಸಿಕ್ಕಿದ ಕೂಡಲೇ ಬಾಯಿ ಮೂಗಿನ ಹಿಮ ತೆಗೆ. ಉಸಿರಿಲ್ಲದಿದ್ದರೆ ಮೊದಲು ಉಸಿರು ಕೊಡು, ಯಾಕೆಂದರೆ ಹೂತವರು ಹೆಚ್ಚಾಗಿ ಸಾಯುವುದು ಉಸಿರು ಕಟ್ಟಿ. ಇದನ್ನೆಲ್ಲ ಓದಿ ಕಲಿಯಲಿಕ್ಕೆ ಆಗುವುದಿಲ್ಲ. ಆಸ್ಪತ್ರೆಯಲ್ಲಿ ನಾವು ಉಸಿರು ಕೊಡುವುದನ್ನು ಎಷ್ಟು ಸಲ ಅಭ್ಯಾಸ ಮಾಡಿದ್ದೆವು ಅಂದರೆ, ನಿಜವಾಗಿ ಬೇಕಾದ ದಿನ ತಲೆ ಹೆದರಿದರೂ ಕೈ ಹೆದರಲಿಲ್ಲ.

ಗುಲ್ಮಾರ್ಗಿನಲ್ಲಿ ನೀನು ಸ್ಕೀ ಕಲಿತಿದ್ದೀ, ಚೆನ್ನಾಗಿಯೇ ಜಾರುತ್ತೀ, ಅದರ ಸಂತೋಷ ನನಗೂ ಉಂಟು. ಆದರೆ ಅಲ್ಲಿ ಗೊಂಡೋಲಾ, ಅಂದರೆ ತಂತಿಯ ಮೇಲೆ ಹೋಗುವ ಕೇಬಲ್ ಕಾರ್, ನಿನ್ನನ್ನು ಅಫರ್ವತ್ ಬೆಟ್ಟದಲ್ಲಿ ಸುಮಾರು 3,980 ಮೀಟರಿಗೆ ಕೂತಲ್ಲೇ ಕೊಂಡುಹೋಗುತ್ತದೆ. ಕಾಲಿನ ಶಕ್ತಿ ಪೂರ್ತಿ ಇಳಿಯಲಿಕ್ಕೆ ಉಳಿದಿರುತ್ತದೆ. ಸ್ಕೀ ಟೂರಿಂಗ್‌ನಲ್ಲಿ ಹಾಗಲ್ಲ. ಬೂಟಿನ ಹಿಮ್ಮಡಿಯನ್ನು ಸ್ಕೀಯಿಂದ ಬಿಡಿಸಿಕೊಂಡು, ಹಿಂದಕ್ಕೆ ಜಾರದ ಹಾಗೆ ಸ್ಕೀಯ ಅಡಿಗೆ ಸ್ಕಿನ್ ಅನ್ನುವ ಪಟ್ಟಿ ಅಂಟಿಸಿಕೊಂಡು, ಬೆನ್ನಿಗೆ ಹೊರೆ ಹೊತ್ತು ಗಂಟೆಗಟ್ಟಲೆ ಹತ್ತಬೇಕು. ಗಟ್ಟಿ ಮಂಜಿನಲ್ಲಿ ಸ್ಕೀಗೆ ಕ್ರಾಂಪಾನ್ ಅನ್ನುವ ಲೋಹದ ಹಲ್ಲುಗಳನ್ನು ಸಿಕ್ಕಿಸಬೇಕು. ಅಷ್ಟು ಸುಸ್ತಾದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿ ಬಿಗಿದು, ಅದೇ ಕಾಲಿನಲ್ಲಿ ಇಳಿಯಬೇಕು. ವೀಡಿಯೊಗಳಲ್ಲಿ ಕಾಣುವ ಹತ್ತಿಯಂಥ ಹಿಮ ಅಷ್ಟು ಮೇಲೆ ಅಪರೂಪ. ಗಾಳಿ ಹೊಡೆದು ಗೀರು ಬಿದ್ದ ಹಿಮ, ಮೇಲೆ ಸಿಪ್ಪೆಗಟ್ಟಿ ಒಳಗೆ ಪೊಳ್ಳಾದ ಹಿಮ, ನೀಲಿ ಮಂಜುಗಡ್ಡೆ, ಇವೇ ಜಾಸ್ತಿ. ನಾಲ್ಕು ತಿರುವು ತೆಗೆದು ನಿಂತು ಏದುಸಿರು ಬಿಡಬೇಕು, ಮತ್ತೆ ನಾಲ್ಕು. ಹಿಮನದಿಯ ಬಿರುಕುಗಳ ಮೇಲೆ ತೆಳ್ಳಗೆ ಹಿಮ ಮುಚ್ಚಿರುತ್ತದೆ, ಅದೂ ಉಂಟು.

ಗುಲ್ಮಾರ್ಗ್ ಕೂಡ ಆಟದ ಮೈದಾನ ಅಲ್ಲ ಅಂತ ನಿನಗೆ ಗೊತ್ತಿರಬೇಕು. 2010ರ ಫೆಬ್ರವರಿಯಲ್ಲಿ ಅಲ್ಲಿನ ಸೇನೆಯ ಎತ್ತರ ಪ್ರದೇಶ ಯುದ್ಧ ತರಬೇತಿ ಶಾಲೆಯ 17 ಸೈನಿಕರು ಹಿಮಕುಸಿತದಲ್ಲಿ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಅಫರ್ವತ್‌ನಲ್ಲಿ ಇಬ್ಬರು ಪೋಲಿಷ್ ಸ್ಕೀಯರ್‌ಗಳು. ಉತ್ತರಾಖಂಡದ ದ್ರೌಪದಿ ಕಾ ಡಾಂಡಾದಲ್ಲಿ 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ಹಿಮ ಬಿತ್ತು. ಅಷ್ಟು ಮಕ್ಕಳು, ಜೊತೆಗೆ ಕಲಿಸುವವರು ತೀರಿಕೊಂಡರು. ಪರಿಣತರು ಪಕ್ಕದಲ್ಲಿ ಇದ್ದರೂ ಬೆಟ್ಟ ಯಾರನ್ನೂ ನೋಡುವುದಿಲ್ಲ.

ಇನ್ನು ಉಸಿರಿನ ವಿಷಯ. ಇದರಲ್ಲಿ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಲೇಹ್‌ನಲ್ಲಿ ಸೇನೆಯ ನರ್ಸ್ ಆಗಿ ನಾನು ಕಣ್ಣಾರೆ ಕಂಡದ್ದು ಇದು. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಮಲ್ಪೆ ಕಡಲತೀರದಲ್ಲಿ ಇರುವುದರ ಅರ್ಧ. ಲೆನಿನ್ ಶಿಖರ 7,134 ಮೀಟರ್. ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗರು, ಬೆಳಿಗ್ಗೆ ಓಡುವವರು, ವಿಮಾನದಲ್ಲಿ ಬಂದು ಇಳಿದು ಮೂರನೇ ದಿನಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿ ನಮ್ಮಲ್ಲಿಗೆ ಬರುತ್ತಿದ್ದರು. ಮಲಗಲಿಕ್ಕೆ ಆಗದೆ ಕೂತೇ ಇರುತ್ತಿದ್ದರು, ಕೆಮ್ಮಿದರೆ ನಸುಗೆಂಪು ನೊರೆ. ಫಿಟ್ ಇದ್ದವರಿಗೆ ಇದು ಬರುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಫಿಟ್ ಇದ್ದವರು ಬೇಗ ಬೇಗ ಹತ್ತುತ್ತಾರೆ, ಆದ್ದರಿಂದ ಅವರಿಗೇ ಅಪಾಯ. ಈ ಕಾಯಿಲೆಯ ಬಗ್ಗೆ ಜಗತ್ತಿಗೆ ತಿಳಿದದ್ದರಲ್ಲಿ ದೊಡ್ಡ ಪಾಲು ನಮ್ಮ ಸೈನಿಕರ ಮೈಮೇಲೆ ಕಲಿತದ್ದು. 1,925 ಭಾರತೀಯ ಸೈನಿಕರನ್ನು ಗಮನಿಸಿ ಇಂದರ್ ಸಿಂಗ್ ಮತ್ತು ಅವರ ಸಂಗಡಿಗ ವೈದ್ಯರು 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈಗಲೂ ವೈದ್ಯರು ಓದುತ್ತಾರೆ.

ನೀನು ನೆನಪಿಡಬೇಕಾದದ್ದು ಇಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ತಲೆನೋವಿನ ಜೊತೆ ವಾಕರಿಕೆ ಬಂದರೆ ಅಲ್ಲೇ ನಿಲ್ಲು. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಿಕ್ಕೆ ಆಗದಿದ್ದರೆ ಅದು ಮಿದುಳಿನ ಊತ, ರಾತ್ರಿಯಾದರೂ ಕೆಳಗೆ ಇಳಿಸಬೇಕು. ಸ್ಕೀ ಇದ್ದರೆ ಬೇಗ ಇಳಿಯಬಹುದು ಅಂತ ನೀನು ಹೇಳುತ್ತೀ. ಆರೋಗ್ಯ ಇದ್ದವರಿಗೆ ಅದು ನಿಜ. ನಡೆಯಲಿಕ್ಕೇ ತೂರಾಡುವವಳು ಸ್ಕೀ ಮೇಲೆ ಹೇಗೆ ನಿಲ್ಲುತ್ತಾಳೆ? ಎತ್ತರಕ್ಕೆ ಹೊಂದಲಿಕ್ಕೆ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಬೇಡವಾ ಎಂಬುದನ್ನು ಎತ್ತರದ ಕಾಯಿಲೆ ತಿಳಿದ ಡಾಕ್ಟರ ಹತ್ತಿರ ಕೇಳು. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಮಾತ್ರೆ ತಿಂದಿದ್ದೇನೆ ಅಂತ ಬೇಗ ಏರುವುದು ಮಾತ್ರ ಎಂದೂ ಬೇಡ.

ಲೆನಿನ್ ಶಿಖರವನ್ನು "ಸುಲಭದ ಏಳು ಸಾವಿರ" ಅಂತ ನಿನ್ನ ಕಾಗದದಲ್ಲಿ ಬರೆದಿದ್ದಾರೆ. ಇಳಿಜಾರು ಕಡಿದಾಗಿಲ್ಲ ಅನ್ನುವುದು ಸರಿ. ಅದೇ ಬೆಟ್ಟದ ತುದಿಯಲ್ಲಿ 1974ರ ಆಗಸ್ಟ್‌ನಲ್ಲಿ ಎಲ್ವಿರಾ ಶತಾಯೆವಾ ನೇತೃತ್ವದ ಎಂಟು ಸೋವಿಯತ್ ಹೆಂಗಸರ ತಂಡ ಬಿರುಗಾಳಿಗೆ ಸಿಕ್ಕಿ ಒಬ್ಬರೂ ಉಳಿಯಲಿಲ್ಲ. ಎಲ್ಲರೂ ಪಳಗಿದವರು. 1990ರ ಜುಲೈ 13ರಂದು ಭೂಕಂಪದಿಂದ ಹಿಮ ಕುಸಿದು ಸುಮಾರು 5,300 ಮೀಟರಿನ ಶಿಬಿರದಲ್ಲಿ ಮಲಗಿದ್ದ 43 ಮಂದಿ ಹೋದರು. ನಿನ್ನನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ, ಮಾರಾಯ್ತಿ. ಸುಲಭ ಅನ್ನುವ ಮಾತನ್ನು ನಂಬಿ ಹೋಗಬೇಡ ಅಂತ ಹೇಳುತ್ತಿದ್ದೇನೆ.

ನೀನು ಮೆಚ್ಚುವ ಆ ಪೋಲಂಡಿನ ಆಂಡ್ಜೇ ಬಾರ್ಗಿಯೆಲ್ ಬಗ್ಗೆ ನಾನೂ ಓದಿದೆ. ಜಗತ್ತಿನ ಎರಡನೇ ಅತಿ ಎತ್ತರದ ಬೆಟ್ಟ ಕೆ2ದ ತುದಿಯಿಂದ ಸ್ಕೀಯಲ್ಲೇ ಪೂರ್ತಿ ಇಳಿದ ಮೊದಲಿಗ, 2018ರ ಜುಲೈ 22. ಅದಕ್ಕೆ ಮೊದಲು 2017ರಲ್ಲಿ ಅದೇ ಬೆಟ್ಟಕ್ಕೆ ಹೋಗಿ, ಪರಿಸ್ಥಿತಿ ಸರಿ ಇಲ್ಲ ಅಂತ ವಾಪಸು ಬಂದ. ಎವರೆಸ್ಟ್‌ಗೆ 2019ರಲ್ಲಿ ಹೋದ, ದಾರಿಯ ಮೇಲೆ ದೊಡ್ಡ ಮಂಜಿನ ಬಂಡೆ ಬೀಳುವ ಹಾಗೆ ತೂಗುತ್ತಿತ್ತು, ವಾಪಸು. 2022ರಲ್ಲಿ ಗಾಳಿ, ವಾಪಸು. 2025ರ ಸೆಪ್ಟೆಂಬರ್‌ನಲ್ಲಿ ಕೃತಕ ಆಮ್ಲಜನಕ ಇಲ್ಲದೆ ಹತ್ತಿ ಬೇಸ್ ಕ್ಯಾಂಪಿನವರೆಗೆ ಸ್ಕೀಯಲ್ಲಿ ಇಳಿದ. ನೀನು ಆ ಕೊನೆಯ ವೀಡಿಯೊ ಮಾತ್ರ ನೋಡಿದ್ದೀ. ನನಗೆ ಗೌರವ ಬಂದದ್ದು ಆ ವಾಪಸು ಬಂದ ವರ್ಷಗಳ ಮೇಲೆ. ಮೀನುಗಾರಿಕೆ ಬೋಟು ನಡೆಸುವ ನಮ್ಮ ಮಲ್ಪೆಯ ಒಳ್ಳೆಯ ತಾಂಡೇಲರೂ ಹಾಗೆಯೇ, ಗಾಳಿ ತಿರುಗಿತು ಅಂತ ಕಂಡರೆ ಡೀಸೆಲ್ ಖರ್ಚಾಯಿತು, ಬಲೆ ಖಾಲಿ ಅಂತ ನೋಡದೆ ಬೋಟು ತಿರುಗಿಸುತ್ತಾರೆ. ಎಷ್ಟು ಅನುಭವ ಇದ್ದರೂ ಸಾಲದ ದಿನ ಒಂದು ಬರಬಹುದು ಅನ್ನುವುದಕ್ಕೆ ಅಮೆರಿಕದ ಸ್ಕೀ ಪರ್ವತಾರೋಹಿ ಹಿಲರಿ ನೆಲ್ಸನ್ ಉದಾಹರಣೆ. 2018ರಲ್ಲಿ ಎವರೆಸ್ಟ್ ಪಕ್ಕದ ಲೋತ್ಸೆ ಬೆಟ್ಟದ 8,516 ಮೀಟರ್ ತುದಿಯಿಂದ ಸ್ಕೀಯಲ್ಲಿ ಇಳಿದವರು, 2022ರ ಸೆಪ್ಟೆಂಬರ್ 26ರಂದು ನೇಪಾಳದ ಮನಸ್ಲು ಬೆಟ್ಟದಲ್ಲಿ ಇಳಿಯಲು ಶುರು ಮಾಡಿದ ಸ್ವಲ್ಪದರಲ್ಲೇ ಸಣ್ಣದೊಂದು ಹಿಮಕುಸಿತ ಅವರನ್ನು ಕೊಂಡುಹೋಯಿತು.

ಇಷ್ಟಾದ ಮೇಲೆ ಗೈಡ್ ಯಾಕೆ ಅಂತ ಕೇಳಬಹುದು. ಬೇಕೇ ಬೇಕು, ಒಳ್ಳೆಯವನೇ ಬೇಕು. ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಬ್ಯಾಡ್ಜ್ ಉಂಟಾ ಅಂತ ಕೇಳು. ಅದಕ್ಕೆ ಬಂಡೆ, ಮಂಜು ಎರಡರ ಜೊತೆ ಸ್ಕೀಯಲ್ಲೂ ಪರೀಕ್ಷೆ ಪಾಸಾಗಬೇಕು. ಒಬ್ಬ ಗೈಡಿಗೆ ಎಷ್ಟು ಜನ? ಒಬ್ಬಳಿಗೆ ಆಗುವುದಿಲ್ಲ ಅಂದರೆ ಅವಳ ಜೊತೆ ಇಳಿಯುವವರು ಯಾರು, ಉಳಿದವರ ಜೊತೆ ಹತ್ತುವವರು ಯಾರು? ಎಷ್ಟು ಗಂಟೆಗೆ ತಿರುಗುತ್ತಾರೆ, ತುದಿ ಕಣ್ಣೆದುರು ಇದ್ದರೂ ತಿರುಗುತ್ತಾರಾ? ಆಮ್ಲಜನಕ, ಎತ್ತರದ ಕಾಯಿಲೆಗೆ ಕೊಡುವ ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಮದ್ದುಗಳನ್ನು ಯಾವ ಶಿಬಿರದಲ್ಲಿ ಇಟ್ಟಿರುತ್ತಾರೆ? ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವ ಕಂಪನಿಗೆ ಒಂದು ರೂಪಾಯಿಯನ್ನೂ ಕಳಿಸಬೇಡ. ಮರುಪ್ರಶ್ನೆ ಹಾಕಿ "ನಿನಗೆ ಎಷ್ಟು ಅನುಭವ ಉಂಟು, ಟ್ರಾನ್ಸೀವರ್ ಹುಡುಕಲಿಕ್ಕೆ ಬರುತ್ತದಾ" ಅಂತ ಕೇಳಿದವರನ್ನು ನಂಬು. ನೀನು ಕಳಿಸಿದ ಕಾಗದದಲ್ಲಿ ಆ ಪ್ರಶ್ನೆ ಎಲ್ಲಿಯೂ ಇಲ್ಲ, ಅದು ನನಗೆ ಸರಿ ಕಾಣಲಿಲ್ಲ.

ನನ್ನ ಯೋಚನೆ ಹೀಗೆ. ಮೊದಲು ಉತ್ತರಕಾಶಿಯಲ್ಲೋ ಡಾರ್ಜಿಲಿಂಗ್‌ನಲ್ಲೋ ಮನಾಲಿಯಲ್ಲೋ ಪ್ರಾಥಮಿಕ ಪರ್ವತಾರೋಹಣ ಕೋರ್ಸ್ ಮಾಡು, ಸುಮಾರು ನಾಲ್ಕು ವಾರ. ಹಗ್ಗ, ಹಾರ್ನೆಸ್, ಐಸ್ ಆಕ್ಸ್, ಹಿಮನದಿಯ ಬಿರುಕಿಗೆ ಬಿದ್ದವರನ್ನು ಎಳೆಯುವುದು, ಎಲ್ಲ ಅಲ್ಲಿ ಕಲಿಸುತ್ತಾರೆ. ಸೀಟು ಸಿಗುವುದು ಕಷ್ಟ, ಈಗಲೇ ಅರ್ಜಿ ಹಾಕು. ಚಳಿಗಾಲದಲ್ಲಿ ಗುಲ್ಮಾರ್ಗಿಗೆ ಹೋಗು, ಆದರೆ ಗೊಂಡೋಲಾ ಹತ್ತದೆ ಸ್ಕಿನ್ ಹಾಕಿಕೊಂಡು ಹತ್ತು. ಹಿಮಕುಸಿತದ ರಕ್ಷಣೆಯ ಕೋರ್ಸ್ ಅದೇ ಋತುವಿನಲ್ಲಿ ಮಾಡು. ಆಮೇಲೆ ಆರು ಸಾವಿರದ ಒಳಗಿನ ಒಂದು ಬೆಟ್ಟ, ನಿನ್ನ ಮೈ ಎತ್ತರಕ್ಕೆ ಹೇಗೆ ಹೊಂದುತ್ತದೆ ಅಂತ ನಿನಗೂ ತಿಳಿಯಬೇಕು, ಗೈಡಿಗೂ ಹೇಳಲಿಕ್ಕೆ ಬೇಕು. ನಡುವೆ ಊರಲ್ಲಿ ಇರುವಾಗ ಕೊಡಚಾದ್ರಿ, ಕುದುರೆಮುಖ, ಕುಮಾರ ಪರ್ವತ ಉಂಟಲ್ಲ, ಹೊರೆ ಹೊತ್ತು ಹತ್ತಿ ಇಳಿ. ಎತ್ತರಕ್ಕೆ ಹೊಂದುವುದು ಇಲ್ಲಿ ಆಗುವುದಿಲ್ಲ, ಆದರೆ ಇಳಿಯುವಾಗ ತೊಡೆ ನಡುಗದ ಹಾಗೆ ಆಗುತ್ತದೆ.

ಸಣ್ಣ ಸಂಗತಿಗಳು ಎರಡು. ವಿಮೆಯ ಕಾಗದದ ಸಣ್ಣ ಅಕ್ಷರ ಓದು. ಸಾಧಾರಣ ಪ್ರವಾಸದ ವಿಮೆಗಳು ಪರ್ವತಾರೋಹಣಕ್ಕೆ ಹಣ ಕೊಡುವುದಿಲ್ಲ, ಕೆಲವು ಇಷ್ಟು ಮೀಟರಿನವರೆಗೆ ಮಾತ್ರ ಅಂತ ಬರೆದಿರುತ್ತವೆ. ಇನ್ನೊಂದು, ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಇವನ್ನು ಹೊರದೇಶದಿಂದ ತಂದು ಅನುಮತಿ ಇಲ್ಲದೆ ನಮ್ಮ ದೇಶದ ಬೆಟ್ಟಗಳಲ್ಲಿ ಬಳಸಬಾರದು. ವಿಮಾನ ನಿಲ್ದಾಣದಲ್ಲೇ ಜನ ಸಿಕ್ಕಿಬಿದ್ದಿದ್ದಾರೆ.

ನಿನ್ನ ಅಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ಒಂದು ವರ್ಷ ತಡ ಅಂದರೆ ಅವಳೂ ಒಪ್ಪುತ್ತಾಳೆ, ಪೂರ್ತಿ ಬೇಡ ಅಂದರೆ ನೀನು ಹೇಳದೆ ಹೋಗುತ್ತೀ ಅಂತ ಅವಳಿಗೂ ಗೊತ್ತು. ಜುಲೈಯ ಮುಂಗಡ ಹಣ ಇನ್ನೂ ಕಟ್ಟಿಲ್ಲ ಅಂದಿದ್ದೀ, ಕಟ್ಟಬೇಡ. ಟ್ರಾನ್ಸೀವರ್ ಕೊಳ್ಳಲಿಕ್ಕೆ ನಾನು ಹಣ ಕಳಿಸುತ್ತೇನೆ, ಹಳೆಯದು ಬೇಡ, ಮೂರು ಆಂಟೆನಾ ಇರುವ ಹೊಸದನ್ನೇ ತಗೋ. ಕೋರ್ಸಿನ ಅರ್ಜಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. ಶನಿವಾರ ಬಸ್ಸು ಹತ್ತಿ ಉಡುಪಿಗೆ ಬಾ, ನನಗೆ ಪರಿಚಯದ ಡಾಕ್ಟರ ಹತ್ತಿರ ಹೋಗಿ ಮಾಡಿಸಿಕೊಂಡು ಬರುವಾ.

ನಿನ್ನ
ದೊಡ್ಡಮ್ಮ