ಬೇರಿನೊಳಗಿನ ನೀಲಿ ಎಳೆಯೆಲ್ಲ ಮೈಕೋರೈಜಾ ಅಲ್ಲ

ಮಾನ್ಯ ಸಂಪಾದಕರೇ,

ಬಣ್ಣ ಹಾಕಿದ ಬೇರಿನಲ್ಲಿ ನೀಲಿ ಎಳೆ ಕಂಡರೆ ಸಾಕು, ಮೈಕೋರೈಜಾ (ಗಿಡದ ಬೇರಿನೊಂದಿಗೆ ಸಹಜೀವನ ನಡೆಸುವ ಶಿಲೀಂಧ್ರ) ಹಿಡಿದಿದೆ ಎಂದರ್ಥ ಎಂದು ನಿಮ್ಮ ಕೃಷಿ ಪುಟದ ಲೇಖನ ಹೇಳಿದೆ. ಇದು ತಪ್ಪು. ಟ್ರಿಪಾನ್ ಬ್ಲೂ ಬಣ್ಣ ಬೇರು ಕೊಳೆಸುವ ಶಿಲೀಂಧ್ರಕ್ಕೂ ಹತ್ತುತ್ತದೆ.

ಹುಡುಕಬೇಕಾದ್ದು ಆರ್ಬಸ್ಕ್ಯೂಲನ್ನು. ಶಿಲೀಂಧ್ರದ ಎಳೆ ಜೀವಕೋಶದ ಗೋಡೆ ದಾಟಿ, ಒಳಪೊರೆಯನ್ನು ಹರಿಯದೆ, ಪುಟ್ಟ ಮರದ ಹಾಗೆ ಕವಲೊಡೆದಿರುತ್ತದೆ. ರಂಜಕ ಗಿಡಕ್ಕೆ ದಾಟುವುದು ಇಲ್ಲೇ. ಇದರ ಆಯಸ್ಸು ಕೆಲವೇ ದಿನ. ಹಾಗಾಗಿ ಎಳೆಯ, ತೆಳು ಬೇರುಗಳನ್ನೇ ಆರಿಸಬೇಕು. ಬಲಿತ ಬೇರಿನಲ್ಲಿ ಕಾಣದಿದ್ದರೆ ಶಿಲೀಂಧ್ರವೇ ಇಲ್ಲವೆನ್ನಲಾಗದು. ವೆಸಿಕಲ್, ಅಂದರೆ ಶಿಲೀಂಧ್ರದ ಎಣ್ಣೆ ತುಂಬಿದ ಚೀಲ, ಒಳ್ಳೆಯ ಸುಳಿವು, ಆದರೆ ಗಿಗಾಸ್ಪೋರಾ, ಸ್ಕುಟೆಲ್ಲೋಸ್ಪೋರಾ ಎಂಬ ಮೈಕೋರೈಜಾ ಕುಲಗಳು ಬೇರಿನೊಳಗೆ ವೆಸಿಕಲ್ ಮಾಡುವುದೇ ಇಲ್ಲ. ಓಲ್ಪಿಡಿಯಂ ಎಂಬ ಪರಾವಲಂಬಿಯ ಬೀಜಕಗಳನ್ನು ವೆಸಿಕಲ್ ಎಂದು ಎಣಿಸಿಬಿಡುವವರೂ ಇದ್ದಾರೆ. ಅವಕ್ಕೆ ಎಳೆ ಅಂಟಿಕೊಂಡಿರುವುದಿಲ್ಲ. ಕಂದು ಬಣ್ಣದ, ಒತ್ತೊತ್ತಾಗಿ ಅಡ್ಡಗೋಡೆಗಳಿರುವ ಎಳೆ ಬೇರೆ ಗುಂಪಿನದು. ಆರ್ಬಸ್ಕ್ಯೂಲ್ ಮಾಡುವ ಮೈಕೋರೈಜಾದ ಎಳೆಗೆ ಅಡ್ಡಗೋಡೆ ಅಪರೂಪ, ಮುಪ್ಪಾದಾಗ ಅಲ್ಲಲ್ಲಿ ಬರಬಹುದು.

ಅರ್ಧ ತಪ್ಪು ಆಗುವುದು ಬೇರು ಸಿದ್ಧಪಡಿಸುವಾಗಲೇ. ತೊಳೆದು 1 ಸೆಂ.ಮೀ. ತುಂಡು ಮಾಡಿದ ಬೇರನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ, 90 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ತೊಟ್ಟಿಯಲ್ಲಿಟ್ಟು 30ರಿಂದ 60 ನಿಮಿಷ ಬಿಡಬೇಕು. ಹೊತ್ತು ಮೀರಿದರೆ ಹೊರಪದರ ಕಳಚಿ ನಡುವಿನ ನಾಳ ಮಾತ್ರ ಉಳಿಯುತ್ತದೆ, ಆರ್ಬಸ್ಕ್ಯೂಲ್‌ಗಳೂ ಹೊರಪದರದೊಂದಿಗೇ ಹೋಗುತ್ತವೆ. ತೊಳೆದ ಮೇಲೆ 2% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲ ನಿಮಿಷ ಅದ್ದಲೇಬೇಕು. ಕ್ಷಾರ ಉಳಿದರೆ ಬಣ್ಣ ಸರಿಯಾಗಿ ಹತ್ತದು. ಆಮೇಲೆ 0.05% ಟ್ರಿಪಾನ್ ಬ್ಲೂ. ಇದು ಕ್ಯಾನ್ಸರ್‌ಕಾರಕವೆಂಬ ಶಂಕೆ ಇರುವುದರಿಂದ ಕೈಗವಸು ಕಡ್ಡಾಯ. ಶಾಲಾ ಪ್ರಯೋಗಾಲಯಕ್ಕೆ ಇದನ್ನು ಬಿಟ್ಟು, 1998ರಲ್ಲಿ ಪ್ರಕಟವಾದ ಶಾಯಿ ವಿಧಾನವೇ ವಾಸಿ: ಬಿಳಿ ವಿನೆಗರ್‌ನಲ್ಲಿ 5% ಶಾಯಿ ಬೆರೆಸಿ 3 ನಿಮಿಷ ಕುದಿಸಿ, ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ 20 ನಿಮಿಷ ತೊಳೆದರೆ ಆಯಿತು. ಶಾಯಿಯ ತಯಾರಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ, ಮೊದಲು ಒಂದೆರಡು ತುಂಡಿಗೆ ಹಾಕಿ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಬೇರು ನೋಡಿ ಶಿಲೀಂಧ್ರದ ಪ್ರಭೇದ ಹೇಳಲಾಗದು; ಅದಕ್ಕೆ ಮಣ್ಣಿನ ಬೀಜಕ ಅಥವಾ ಡಿಎನ್‌ಎ ಪರೀಕ್ಷೆ ಬೇಕು. ಇನ್ನು ಮುಂದೆ ಇಂಥ ಬರಹಗಳಲ್ಲಿ ‘ಶೇ 60 ಬೇರು ಹಿಡಿದಿದೆ’ ಎಂದು ಅಚ್ಚಾಗುವಾಗ, ಆರ್ಬಸ್ಕ್ಯೂಲ್ ಎಷ್ಟು, ವೆಸಿಕಲ್ ಎಷ್ಟು, ಬರೀ ಎಳೆ ಎಷ್ಟು, ಬೇರನ್ನು ಒಟ್ಟು ಎಷ್ಟು ಕಡೆ ನೋಡಲಾಗಿದೆ ಎಂಬುದನ್ನೂ ಬೇರೆಬೇರೆಯಾಗಿ ಕೊಡಬೇಕೆಂದು ಕೋರುತ್ತೇವೆ.

ಇತಿ,
ಸಸ್ಯಶಾಸ್ತ್ರ ಅಧ್ಯಾಪಕರು